ಇಟ್ಟದ್ದು ಸಿಗಬೇಕಾದರೆ: ಮನೆಯ ಗಣಕದಲ್ಲಿ ಕಡತಗಳ ಜೋಡಣೆ ಮತ್ತು ಹುಡುಕಾಟ

ಮಕ್ಕಳ ಅಂಕಪಟ್ಟಿ, ಜಮೀನಿನ ಪಹಣಿ, ವಿಮೆಯ ಪಾಲಿಸಿ, ಮದುವೆಯ ಛಾಯಾಚಿತ್ರ, ಹಿರಿಯರ ಪತ್ರಗಳು ಹಿಂದೆ ಬೀರುವಿನಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಇರುತ್ತಿದ್ದವು. ಈಗ ಅವುಗಳಲ್ಲಿ ಹೆಚ್ಚಿನವು ಮನೆಯ ಗಣಕದಲ್ಲಿವೆ. ಗಣಕದಲ್ಲಿ ಜಾಗಕ್ಕೆ ಬರವಿಲ್ಲ. ಬರವಿರುವುದು ಬೇಕಾದಾಗ ಬೇಕಾದದ್ದು ಸಿಗುವುದಕ್ಕೆ. ಬ್ಯಾಂಕಿನವರು ನಾಳೆಯೇ ಬೇಕೆಂದ ಕ್ರಯಪತ್ರದ ಪ್ರತಿ ಹತ್ತು ಸಾವಿರ ಕಡತಗಳ ನಡುವೆ ಎಲ್ಲೋ ಇದೆಯೆಂದು ತಿಳಿದಿದ್ದರೆ ಸಾಲದು. ಸಮಯಕ್ಕೆ ಸಿಗದ ಕಡತವೂ ಕಳೆದುಹೋದ ಕಡತವೂ ಆ ಹೊತ್ತಿಗೆ ಒಂದೇ.

ಕಡತವೊಂದು ಮತ್ತೆ ಸಿಗುವುದು ಮೂರು ಸಂಗತಿಗಳನ್ನು ಅವಲಂಬಿಸಿದೆ. ಅದನ್ನು ಎಲ್ಲಿ ಇಡಲಾಗಿದೆ, ಯಾವ ಹೆಸರಿನಿಂದ ಇಡಲಾಗಿದೆ ಮತ್ತು ಅದರೊಳಗಿನ ಅಕ್ಷರಗಳು ಯಾವ ಸಂಕೇತದಲ್ಲಿವೆ. ಮೊದಲೆರಡು ಎಲ್ಲ ಭಾಷೆಯವರಿಗೂ ಸಮಾನ. ಮೂರನೆಯದು ಕನ್ನಡದಲ್ಲಿ ಗಣಕ ಬಳಸುತ್ತ ಬಂದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಒಂದು ತಲೆಮಾರು ಶ್ರಮವಹಿಸಿ ಬೆರಳಚ್ಚಿಸಿದ ಬರವಣಿಗೆ, ಅಳಿಯದೆ ಉಳಿದಿದ್ದರೂ, ಇಂದಿನ ಹುಡುಕಾಟಕ್ಕೆ ಸಿಗದಿರುವುದು ಇದೇ ಕಾರಣದಿಂದ.

ಕಡತ ಎಂಬ ಪದ

ಇಂಗ್ಲಿಷಿನ ಫೈಲ್ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ‘ಕಡತ’ ಹಳೆಯ ಪದ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಇಂದಿಗೂ ಉಳಿದಿದ್ದು, ಇತಿಹಾಸಕಾರರಿಗೆ ಆಕರಗಳಾಗಿವೆ. ಮುಂದೆ ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೂ, ಆಮೇಲೆ ಗಣಕದ ಫೈಲಿಗೂ ಅದೇ ಹೆಸರು ನಿಂತಿತು.

ಬಟ್ಟೆಯ ಕಡತಕ್ಕೂ ಗಣಕದ ಕಡತಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬಟ್ಟೆಯದನ್ನು ಕೈಗೆತ್ತಿಕೊಂಡು ಬಿಡಿಸಿದರೆ ಒಳಗೇನಿದೆ ಎಂದು ಕಾಣುತ್ತದೆ. ಗಣಕದ ಕಡತ ಹೊರಗೆ ತೋರಿಸುವುದು ಒಂದು ಹೆಸರು, ಒಂದು ಗಾತ್ರ, ಒಂದೆರಡು ದಿನಾಂಕಗಳನ್ನು ಮಾತ್ರ. ಆದ್ದರಿಂದ ಹೆಸರಿನ ಮತ್ತು ನೆಲೆಯ ಮೇಲೆ ಬೀಳುವ ಭಾರ ಹೆಚ್ಚು.

ಫೋಲ್ಡರುಗಳು ಬಂದ ಬಗೆ

ಆರಂಭದ ವೈಯಕ್ತಿಕ ಗಣಕಗಳಲ್ಲಿ ಫೋಲ್ಡರ್ ಇರಲಿಲ್ಲ. 1981ರಲ್ಲಿ ಬಂದ ಎಂಎಸ್-ಡಾಸ್ ಮೊದಲ ಆವೃತ್ತಿಯಲ್ಲಿ ಒಂದು ಫ್ಲಾಪಿಯ ಎಲ್ಲ ಕಡತಗಳೂ ಒಂದೇ ಪಟ್ಟಿಯಲ್ಲಿರುತ್ತಿದ್ದವು. ಫ್ಲಾಪಿ ಚಿಕ್ಕದಾದ್ದರಿಂದ ಅದು ತೊಡಕಾಗಲಿಲ್ಲ. ಹಾರ್ಡ್‌ಡಿಸ್ಕಿನ ಬಳಕೆ ಹೆಚ್ಚಿದಾಗ, 1983ರ ಎರಡನೇ ಆವೃತ್ತಿಯಲ್ಲಿ, ಒಂದರೊಳಗೊಂದು ಡೈರೆಕ್ಟರಿ ಇಡುವ ಅನುಕೂಲ ಬಂತು. ಮರದ ಕಾಂಡ, ಕೊಂಬೆ, ರೆಂಬೆಗಳಂತೆ ಕವಲೊಡೆಯುವ ಈ ಏರ್ಪಾಡನ್ನು ದೊಡ್ಡ ಗಣಕಗಳ ತಜ್ಞರು 1960ರ ದಶಕದಲ್ಲೇ ರೂಪಿಸಿದ್ದರು. ಅದಕ್ಕೆ ಕಚೇರಿ ಮೇಜಿನ ಫೋಲ್ಡರಿನ ಚಿತ್ರ ತೊಡಿಸಿ ಮಾರುಕಟ್ಟೆಗೆ ತಂದದ್ದು 1981ರ ಜೆರಾಕ್ಸ್ ಸ್ಟಾರ್ ಗಣಕ.

ಡಾಸ್ ಕಾಲದಲ್ಲಿ ಕಡತದ ಹೆಸರು ಎಂಟು ಅಕ್ಷರ ಮೀರುವಂತಿರಲಿಲ್ಲ. ಚುಕ್ಕೆಯ ನಂತರ ಮತ್ತೆ ಮೂರಕ್ಷರ. ವಿಂಡೋಸ್ 95 ಬಂದಮೇಲೆ ಈ ಮಿತಿ 255ಕ್ಕೆ ಏರಿತು. ಹೀಗೆ ಅರ್ಥವತ್ತಾದ ಹೆಸರಿಡುವ ಅವಕಾಶ ಮನೆಯ ಬಳಕೆದಾರರಿಗೆ ಸಿಕ್ಕಿ ಮೂರು ದಶಕಗಳು ಕಳೆದಿವೆ. ಆದರೂ ‘ಹೊಸದು’, ‘ಹೊಸದು 2’, ‘ಕೊನೆಯದು’, ‘ನಿಜವಾದ ಕೊನೆಯದು’ ಎಂಬ ಹೆಸರುಗಳು ಮನೆಯ ಗಣಕಗಳಲ್ಲಿ ಇಂದಿಗೂ ಸಾಮಾನ್ಯ.

ಜನ ಹೇಗೆ ಹುಡುಕುತ್ತಾರೆ?

ಈ ಪ್ರಶ್ನೆಯನ್ನು ವಿದ್ವಾಂಸರು ನಾಲ್ಕು ದಶಕಗಳಿಂದ ಪರಿಶೀಲಿಸುತ್ತ ಬಂದಿದ್ದಾರೆ. ಜನರು ತಮ್ಮ ಮೇಜುಗಳನ್ನು ಹೇಗೆ ಜೋಡಿಸಿಕೊಳ್ಳುತ್ತಾರೆ ಎಂಬುದನ್ನು ಅಮೆರಿಕದ ಥಾಮಸ್ ಮಲೋನ್ 1983ರ ಲೇಖನವೊಂದರಲ್ಲಿ ವಿವರಿಸಿದರು. ಕೆಲವರು ಕಾಗದಗಳಿಗೆ ಹೆಸರುಚೀಟಿ ಹಚ್ಚಿ ಫೈಲಿನಲ್ಲಿಡುತ್ತಾರೆ, ಕೆಲವರು ರಾಶಿ ಹಾಕುತ್ತಾರೆ. ರಾಶಿ ಹಾಕುವುದೂ ಕೇವಲ ಸೋಮಾರಿತನವಲ್ಲ. ಕಣ್ಣೆದುರಿನ ರಾಶಿ ಬಾಕಿಯಿರುವ ಕೆಲಸವನ್ನು ನೆನಪಿಸುತ್ತದೆ ಎಂಬುದು ಅವರ ಮುಖ್ಯ ಗ್ರಹಿಕೆ. ಗಣಕದ ಡೆಸ್ಕ್‌ಟಾಪ್ ತುಂಬ ಕಡತಗಳನ್ನು ಹರಡಿಕೊಳ್ಳುವ ಅಭ್ಯಾಸದ ಮೂಲವೂ ಬಹುಮಟ್ಟಿಗೆ ಇದೇ.

ಇಸ್ರೇಲಿನ ಓಫರ್ ಬರ್ಗ್‌ಮನ್ ಮತ್ತು ಅಮೆರಿಕದಲ್ಲಿ ಕೆಲಸ ಮಾಡುವ ಸ್ಟೀವ್ ವಿಟ್ಟೇಕರ್ ಇನ್ನೊಂದು ಕುತೂಹಲಕರ ಸಂಗತಿಯನ್ನು ಎತ್ತಿ ತೋರಿಸಿದ್ದಾರೆ. ಹುಡುಕು ತಂತ್ರಾಂಶಗಳು ಎಷ್ಟೇ ಸುಧಾರಿಸಿದರೂ ಜನ ತಮ್ಮ ಸ್ವಂತ ಕಡತಗಳನ್ನು ತಲುಪಲು ಫೋಲ್ಡರಿನಿಂದ ಫೋಲ್ಡರಿಗೆ ನಡೆದು ಹೋಗುವುದನ್ನೇ ಇಷ್ಟಪಡುತ್ತಾರೆ. ಎಲ್ಲಿಟ್ಟಿದ್ದೇವೆ ಎಂಬುದು ಮರೆತಾಗ ಮಾತ್ರ ಹುಡುಕು ಪೆಟ್ಟಿಗೆಯ ಮೊರೆ ಹೋಗುತ್ತಾರೆ. ಇಬ್ಬರೂ ಸೇರಿ ಬರೆದ ಪುಸ್ತಕ 2016ರಲ್ಲಿ ಪ್ರಕಟವಾಯಿತು.

ಇದರಿಂದ ಮನೆಯ ಬಳಕೆದಾರರು ತಿಳಿಯಬೇಕಾದದ್ದು ಸರಳ. ‘ಹೇಗೂ ಹುಡುಕಬಹುದಲ್ಲ’ ಎಂಬ ಭರವಸೆಯಲ್ಲಿ ಎಲ್ಲವನ್ನೂ ಒಂದೆಡೆ ಸುರಿದರೆ, ಮನುಷ್ಯರು ಸಹಜವಾಗಿ ಹಿಡಿಯುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಹಾಗೆಂದು ಹತ್ತು ಹಂತಗಳ ಫೋಲ್ಡರುಗಳನ್ನು ಕಟ್ಟಿದರೂ ದಾರಿ ತಪ್ಪುತ್ತದೆ.

ಮನೆಗೆ ಒಪ್ಪುವ ವಿಂಗಡಣೆ

ಮನೆಯ ಗಣಕಕ್ಕೆ ಆರೇಳು ಮುಖ್ಯ ಫೋಲ್ಡರುಗಳು ಸಾಕು. ಉದಾಹರಣೆಗೆ ಗುರುತುಪತ್ರಗಳು, ಆಸ್ತಿ, ಹಣಕಾಸು, ವಿದ್ಯಾಭ್ಯಾಸ, ಆರೋಗ್ಯ, ಛಾಯಾಚಿತ್ರ, ಬರವಣಿಗೆ. ಇವುಗಳ ಒಳಗೆ ಒಂದು ಹಂತ, ತಪ್ಪಿದರೆ ಎರಡು ಹಂತ. ಹಣಕಾಸಿನ ಕೆಳಗೆ ಆರ್ಥಿಕ ವರ್ಷ, ವಿದ್ಯಾಭ್ಯಾಸದ ಕೆಳಗೆ ಮಕ್ಕಳ ಹೆಸರು, ಆಸ್ತಿಯ ಕೆಳಗೆ ಊರು ಮತ್ತು ಸರ್ವೆ ನಂಬರು. ಒಂದು ಫೋಲ್ಡರನ್ನು ತೆರೆದಾಗ ಒಳಗಿರುವುದೆಲ್ಲ ಒಂದು ನೋಟಕ್ಕೆ ಕಾಣುವಂತಿದ್ದರೆ ಅದು ಹದವಾದ ಅಳತೆ.

ಒಂದೇ ಕಡತ ಎರಡು ಕಡೆ ಸಲ್ಲುವಾಗ ತೊಡಕು ಶುರುವಾಗುತ್ತದೆ. ಮನೆ ಸಾಲದ ಪತ್ರ ಆಸ್ತಿಗೆ ಸೇರಿದ್ದೋ ಹಣಕಾಸಿಗೋ? ಇದು ಗ್ರಂಥಾಲಯಗಳ ಹಳೆಯ ಸಮಸ್ಯೆಯೂ ಹೌದು. ಒಂದು ಪುಸ್ತಕಕ್ಕೆ ಒಂದೇ ಕಪಾಟಿನಲ್ಲಿ ಜಾಗ, ಆದರೆ ಅದರ ವಿಷಯಕ್ಕೆ ಹಲವು ಮುಖಗಳು. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಈ ಮುಖಗಳನ್ನೇ ಆಧಾರವಾಗಿಸಿಕೊಂಡರು. ವಿಷಯವೊಂದನ್ನು ಕಾಲ, ಸ್ಥಳ ಮುಂತಾದ ಐದು ಮೂಲ ಮುಖಗಳಾಗಿ ಬಿಡಿಸಿ, ಅವನ್ನು ಗೊತ್ತಾದ ಕ್ರಮದಲ್ಲಿ ಪೋಣಿಸುವುದು ಅವರ ವಿಧಾನ. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ಅವರ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದರ ತಾತ್ಪರ್ಯ.

ಮನೆಯ ಗಣಕಕ್ಕೂ ಈ ದಾರಿ ಸಲ್ಲುತ್ತದೆ. ಫೋಲ್ಡರ್ ಒಂದು ಮುಖವನ್ನು ಹೇಳಲಿ, ಉಳಿದ ಮುಖಗಳನ್ನು ಕಡತದ ಹೆಸರು ಹೇಳಲಿ. ಸಾಲಪತ್ರ ‘ಹಣಕಾಸು’ ಫೋಲ್ಡರಿನಲ್ಲಿದ್ದರೂ ಹೆಸರಿನಲ್ಲಿ ‘ಮನೆ’ ಎಂಬ ಪದವಿದ್ದರೆ ಆಸ್ತಿಯ ಕಡೆಯಿಂದ ಹುಡುಕುವವರಿಗೂ ಅದು ಸಿಗುತ್ತದೆ. ಒಂದೇ ಕಡತದ ಎರಡು ಪ್ರತಿಗಳನ್ನು ಎರಡು ಕಡೆ ಇಡುವುದು ಒಳ್ಳೆಯದಲ್ಲ. ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿದು, ಯಾವುದು ಸರಿ ಎಂಬ ಗೊಂದಲ ಹುಟ್ಟುತ್ತದೆ. ತೀರ ಅಗತ್ಯವಿದ್ದರೆ ಶಾರ್ಟ್‌ಕಟ್ ಮಾಡಿ ಇಡಬಹುದು.

ಹೆಸರಿಡುವ ಕ್ರಮ

ಒಳ್ಳೆಯ ಹೆಸರು ಕಡತವನ್ನು ತೆರೆಯದೆಯೇ ಅದರ ಪರಿಚಯ ಹೇಳುತ್ತದೆ. ಯಾವಾಗಿನದು, ಯಾವ ಕಾಗದ, ಯಾರದು ಎಂಬ ಮೂರು ವಿವರಗಳು ಇದೇ ಕ್ರಮದಲ್ಲಿದ್ದರೆ ಸಾಕು. ‘2024-06-15_ಪಹಣಿ_ಸರ್ವೆ-112’ ಎಂಬ ಹೆಸರನ್ನು ಹತ್ತು ವರ್ಷದ ನಂತರ ನೋಡಿದವರಿಗೂ ವಿಷಯ ತಿಳಿಯುತ್ತದೆ. ಜಾಲತಾಣಗಳಿಂದ ಇಳಿಸಿಕೊಂಡ ಕಡತಗಳಿಗೆ ಬರಿಯ ಅಂಕಿಗಳ ಹೆಸರಿರುವುದು ಸಾಮಾನ್ಯ. ಇಳಿಸಿಕೊಂಡ ಕೂಡಲೇ ಹೆಸರು ಬದಲಿಸುವುದು ಅರ್ಧ ನಿಮಿಷದ ಕೆಲಸ. ಆಮೇಲೆ ಒಂದೊಂದಾಗಿ ತೆರೆದು ನೋಡುವುದು ಅರ್ಧ ದಿನದ ಕೆಲಸ.

ದಿನಾಂಕದಲ್ಲಿ ವರ್ಷ ಮೊದಲು, ಬಳಿಕ ತಿಂಗಳು, ಕೊನೆಗೆ ದಿನ ಬರಬೇಕು. ದಿನವನ್ನು ಮೊದಲು ಬರೆದರೆ ಗಣಕ ಎಲ್ಲ ತಿಂಗಳುಗಳ 1ನೇ ತಾರೀಖನ್ನು ಒಂದೆಡೆ, 2ನೇ ತಾರೀಖನ್ನು ಇನ್ನೊಂದೆಡೆ ಗುಂಪು ಮಾಡುತ್ತದೆ. ವರ್ಷ ಮೊದಲಿದ್ದರೆ ಕಾಲಾನುಕ್ರಮ ತಾನಾಗಿಯೇ ಬರುತ್ತದೆ. 1988ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8601 ಕೂಡ ಇದೇ ಕ್ರಮವನ್ನು ಹೇಳುತ್ತದೆ. ಒಂದಂಕಿಯ ಸಂಖ್ಯೆಗಳ ಹಿಂದೆ ಸೊನ್ನೆ ಇರಲಿ. ವಿಂಡೋಸ್ 2ರ ನಂತರ 10ನ್ನು ಸರಿಯಾಗಿಯೇ ಜೋಡಿಸುತ್ತದೆ; ಆದರೆ ಕೆಲವು ಟಿವಿ, ಕಾರಿನ ಸಂಗೀತ ಯಂತ್ರ ಮುಂತಾದವು 10ನ್ನು 2ಕ್ಕಿಂತ ಮೊದಲು ತೋರಿಸುತ್ತವೆ. 02 ಎಂದು ಬರೆದರೆ ಎಲ್ಲೆಡೆಯೂ ಸರಿ.

ಎರಡೂ ಬಗೆಯ ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನೆ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ, ಎರಡು ಕೋನಾವರಣಗಳು ಮತ್ತು ನೆಟ್ಟಗೆರೆ - ಈ ಒಂಬತ್ತು ಚಿಹ್ನೆಗಳನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ. ದಿನಾಂಕವನ್ನು ಓರೆಗೆರೆಯಿಂದ ಬರೆಯಲಾಗದಿರುವುದು ಇದರಿಂದಲೇ, ಅಡ್ಡಗೆರೆ ಬಳಸಬೇಕು.

ಹೆಸರು ಕನ್ನಡದಲ್ಲಿರಬಹುದೇ? ಖಂಡಿತ ಇರಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಯೂನಿಕೋಡ್ ಕನ್ನಡದ ಹೆಸರುಗಳನ್ನು ಸ್ವೀಕರಿಸುತ್ತವೆ. ಆದರೆ ಉದ್ದದ ಮೇಲೆ ನಿಗಾ ಬೇಕು. ‘ಕ್ಷೇತ್ರ’ ಎಂಬುದು ಕಣ್ಣಿಗೆ ಎರಡಕ್ಷರ. ಗಣಕಕ್ಕೆ ಅದು ಏಳು ಸಂಕೇತಗಳು. ಲಿನಕ್ಸಿನಲ್ಲಿ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್, ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಹಾಗಾಗಿ 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ವಿಂಡೋಸಿನ ಹಲವು ತಂತ್ರಾಂಶಗಳಲ್ಲಿ ಎಲ್ಲ ಫೋಲ್ಡರುಗಳ ಹೆಸರೂ ಸೇರಿದ ಪೂರ್ಣ ವಿಳಾಸವೇ 260 ಸಂಕೇತಗಳೊಳಗೆ ಇರಬೇಕು. ಅರ್ಜಿಯೊಂದಿಗೆ ಜಾಲತಾಣಕ್ಕೆ ಏರಿಸಬೇಕಾದ ಕಡತಗಳಿಗೆ ಇಂಗ್ಲಿಷ್ ಹೆಸರಿನ ಪ್ರತ್ಯೇಕ ಪ್ರತಿ ಮಾಡಿಕೊಳ್ಳುವುದು ಕ್ಷೇಮ. ಕೆಲವು ತಾಣಗಳು ಕನ್ನಡದ ಹೆಸರನ್ನು ತಿರಸ್ಕರಿಸುತ್ತವೆ.

ಛಾಯಾಚಿತ್ರಗಳು ಮತ್ತು ದಿನಾಂಕದ ಮೋಸ

ಡಿಜಿಟಲ್ ಕ್ಯಾಮೆರಾಗಳು ಚಿತ್ರಗಳಿಗೆ ನಾಲ್ಕು ಅಂಕಿಯ ಕ್ರಮಸಂಖ್ಯೆ ಕೊಡುತ್ತವೆ. 9999ರ ನಂತರ ಎಣಿಕೆ ಮತ್ತೆ 0001ರಿಂದ ಆರಂಭವಾಗುತ್ತದೆ. ಆದ್ದರಿಂದ ಗೃಹಪ್ರವೇಶದ ಚಿತ್ರಕ್ಕೂ ಮೂರು ವರ್ಷದ ಬಳಿಕದ ನಾಮಕರಣದ ಚಿತ್ರಕ್ಕೂ ಒಂದೇ ಹೆಸರು ಬರಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ಸುರಿಯುವಾಗ ‘ರಿಪ್ಲೇಸ್’ ಎಂಬುದನ್ನು ಅವಸರದಲ್ಲಿ ಒತ್ತಿದರೆ ಒಂದು ಅಳಿಯುತ್ತದೆ. ವರ್ಷ ಮತ್ತು ಸಂದರ್ಭದ ಹೆಸರಿನಲ್ಲಿ ಬೇರೆ ಬೇರೆ ಫೋಲ್ಡರ್ ಮಾಡಿದರೆ ಈ ಅಪಾಯ ಇರುವುದಿಲ್ಲ.

ಕಡತ ಸೃಷ್ಟಿಯಾದ ದಿನಾಂಕವನ್ನು ಪೂರ್ತಿಯಾಗಿ ನಂಬುವಂತಿಲ್ಲ. ವಿಂಡೋಸಿನಲ್ಲಿ ಹಳೆಯ ಕಡತವನ್ನು ಹೊಸ ಡಿಸ್ಕಿಗೆ ನಕಲು ಮಾಡಿದರೆ ‘ಸೃಷ್ಟಿಯಾದ ದಿನ’ ಎಂದು ನಕಲು ಮಾಡಿದ ದಿನವೇ ದಾಖಲಾಗುತ್ತದೆ. ‘ಬದಲಾದ ದಿನ’ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ಛಾಯಾಚಿತ್ರ ತೆಗೆದ ನಿಜವಾದ ದಿನಾಂಕ ಚಿತ್ರದೊಳಗಿನ ಎಕ್ಸಿಫ್ ಎಂಬ ಮಾಹಿತಿಯಲ್ಲಿರುತ್ತದೆ, ಕ್ಯಾಮೆರಾದ ಗಡಿಯಾರ ಸರಿಯಿದ್ದರೆ. ವಾಟ್ಸ್‌ಆ್ಯಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ಈ ಮಾಹಿತಿ ಕಳಚಿಹೋಗುತ್ತದೆ. ಮುಖ್ಯ ಚಿತ್ರಗಳನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವಂತೆ ಬಂಧುಗಳನ್ನು ಕೇಳಿಕೊಳ್ಳುವುದು ಒಳಿತು. ಚಿತ್ರದ ಗುಣಮಟ್ಟವೂ ಹಾಗೆಯೇ ಉಳಿಯುತ್ತದೆ.

ಹುಡುಕು ಪೆಟ್ಟಿಗೆಯ ಒಳಗುಟ್ಟು

ಹುಡುಕು ಪೆಟ್ಟಿಗೆಯಲ್ಲಿ ಪದ ಬರೆದ ಕೂಡಲೇ ಗಣಕ ಎಲ್ಲ ಕಡತಗಳನ್ನೂ ತೆರೆದು ಓದುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಯಾವ ಕಡತದಲ್ಲಿದೆ ಎಂಬ ಸೂಚಿಯನ್ನು ಅದು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸಿ ಇಟ್ಟುಕೊಂಡಿರುತ್ತದೆ. ಇಂತಹ ಸೂಚಿ ಮ್ಯಾಕ್ ಗಣಕಗಳಿಗೆ 2005ರಲ್ಲಿ ಸ್ಪಾಟ್‌ಲೈಟ್ ಹೆಸರಿನಲ್ಲಿ ಬಂತು. 2007ರ ವಿಂಡೋಸ್ ವಿಸ್ಟಾದಲ್ಲಿ ಅಂತರ್ಗತವಾಯಿತು. ಗೂಗಲ್ ಕೂಡ 2004ರಲ್ಲಿ ಮನೆಯ ಗಣಕಕ್ಕೆಂದು ಹುಡುಕು ತಂತ್ರಾಂಶ ಕೊಟ್ಟು, 2011ರಲ್ಲಿ ನಿಲ್ಲಿಸಿತು.

ಸೂಚಿಯಲ್ಲಿ ಇಲ್ಲದ ಜಾಗದಲ್ಲಿ ಹುಡುಕಾಟ ನಿಧಾನ, ಫಲಿತಾಂಶವೂ ಅಪೂರ್ಣ. ನಮ್ಮ ಮನೆಗಳಲ್ಲಿ ಇದು ದೊಡ್ಡ ತೊಡಕು. ವಿಂಡೋಸ್ ಕೆಟ್ಟರೂ ಕಡತಗಳು ಉಳಿಯಲಿ ಎಂದು ಹಾರ್ಡ್‌ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ, ಮುಖ್ಯವಾದುದನ್ನೆಲ್ಲ ಡಿ ಡ್ರೈವಿನಲ್ಲಿ ಇಡುವ ರೂಢಿ ಬಹಳ ಕಾಲದಿಂದ ಇದೆ. ಆದರೆ ವಿಂಡೋಸಿನ ಸಾಮಾನ್ಯ ಸೂಚಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಮತ್ತು ಡೆಸ್ಕ್‌ಟಾಪಿಗೆ ಸೀಮಿತ. ಡಿ ಡ್ರೈವಿನಲ್ಲಿ ಅದು ತಾನಾಗಿ ನೋಡುವುದು ಕಡತದ ಹೆಸರನ್ನು ಮಾತ್ರ, ಒಳಗಿನ ಬರಹವನ್ನಲ್ಲ. ಕಂಟ್ರೋಲ್ ಪ್ಯಾನೆಲ್‌ನ ‘ಇಂಡೆಕ್ಸಿಂಗ್ ಆಪ್ಶನ್ಸ್’ ತೆರೆದು, ‘ಮಾಡಿಫೈ’ ಒತ್ತಿ, ಡಿ ಡ್ರೈವಿನ ಬೇಕಾದ ಫೋಲ್ಡರುಗಳಿಗೆ ಗುರುತು ಹಾಕಿದರೆ ಈ ಕೊರತೆ ನೀಗುತ್ತದೆ. ಸೂಚಿ ಸಿದ್ಧವಾಗಲು ಕೆಲವು ಗಂಟೆಗಳು ಹಿಡಿಯಬಹುದು.

ಹೆಸರು ಮಾತ್ರ ಹುಡುಕಿದರೆ ಸಾಕೆನ್ನುವವರಿಗೆ ‘ಎವೆರಿಥಿಂಗ್’ ಎಂಬ ಉಚಿತ ತಂತ್ರಾಂಶವಿದೆ. ಡಿಸ್ಕಿನ ಮೂಲ ಕಡತಪಟ್ಟಿಯನ್ನೇ ಓದುವ ಇದು ಲಕ್ಷಾಂತರ ಹೆಸರುಗಳ ನಡುವೆಯೂ ಕ್ಷಣದಲ್ಲಿ ಉತ್ತರ ಕೊಡುತ್ತದೆ.

ಕನ್ನಡ ಕಡತಗಳ ತೊಡಕು

ಬರಹ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ನುಡಿ ಬಳಿಕ ಕಚೇರಿ ಕಚೇರಿಗಳಿಗೆ ತಲುಪಿತು. ಅದಕ್ಕೂ ಮೊದಲಿನಿಂದ ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಪ್ರಕಾಶಕ, ಆಕೃತಿಗಳಿದ್ದವು. ಇವುಗಳಿಂದಲೇ ಕನ್ನಡಿಗರು ಗಣಕದಲ್ಲಿ ಬರೆಯಲು ಕಲಿತರು. ಆದರೆ ಆ ಕಾಲದ ಕ್ರಮದಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಸಂಕೇತ ಇರಲಿಲ್ಲ. ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು.

ನುಡಿಯ ಹಳೆಯ ಕಡತದಲ್ಲಿ ‘ಕ’ ಎಂದು ಕಾಣುವುದು ಗಣಕದ ಪಾಲಿಗೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಓರೆಗೆರೆಯಿರುವ ‘ಎ’, ಅಂದರೆ 80 ಮತ್ತು 192 ಎಂಬ ಎರಡು ಸಂಕೇತಗಳು. ಯೂನಿಕೋಡಿನಲ್ಲಿ ‘ಕ’ ಎಂಬುದಕ್ಕೆ 3221 ಎಂಬ ಒಂದೇ ಸಂಕೇತ. ‘ಕನ್ನಡ’ ಎಂಬ ಪದ ಹಳೆಯ ಕ್ರಮದಲ್ಲಿ ಏಳು ಸಂಕೇತಗಳು, ಯೂನಿಕೋಡಿನಲ್ಲಿ ಐದು. ಇಂದು ಹುಡುಕು ಪೆಟ್ಟಿಗೆಯಲ್ಲಿ ಬರೆಯುವುದು ಯೂನಿಕೋಡ್ ಕನ್ನಡ. ಹಳೆಯ ಕಡತದೊಳಗಿರುವುದು ಲ್ಯಾಟಿನ್ ಅಕ್ಷರಗಳ ಮಾಲೆ. ಎರಡೂ ಎಂದಿಗೂ ಸಂಧಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದ ಕಾರಣ ಬಳಕೆದಾರರಿಗೆ ಹೊಳೆಯುವುದೂ ಇಲ್ಲ.

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಯೂನಿಕೋಡ್ ಕನ್ನಡವನ್ನು ತೋರಿಸಿತು. ಆದರೂ ಬಳಕೆ ಬದಲಾಗಲು ಬಹುಕಾಲ ಹಿಡಿಯಿತು. ಈ ನಡುವಿನ ವರ್ಷಗಳಲ್ಲಿ ಬರೆದ ಕಥೆ, ಕವನ, ಸಂಘದ ನಡಾವಳಿ, ವಂಶವೃಕ್ಷ, ಪ್ರಬಂಧಗಳು ಅನೇಕ ಮನೆಗಳಲ್ಲಿ ಹಳೆಯ ಸಂಕೇತದಲ್ಲೇ ಉಳಿದಿವೆ.

ಕಡತ ಯಾವ ಬಗೆಯದೆಂದು ತಿಳಿಯುವ ಪರೀಕ್ಷೆ ಸುಲಭ. ಒಂದು ಸಾಲನ್ನು ಆಯ್ದು ಅಕ್ಷರಶೈಲಿಯನ್ನು ‘ಟೈಮ್ಸ್ ನ್ಯೂ ರೋಮನ್’ಗೆ ಬದಲಿಸಬೇಕು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದರೆ ಅದು ಹಳೆಯ ಸಂಕೇತ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್.

ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಪರಿವರ್ತಕಗಳಿವೆ. ಪ್ರತಿಯೊಂದು ತಂತ್ರಾಂಶದ ಸಂಕೇತ ಬೇರೆಯಾದ್ದರಿಂದ ಮೂಲ ಯಾವುದೆಂದು ಮೊದಲು ಖಚಿತವಾಗಬೇಕು. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಅರ್ಥಹೀನ ಅಕ್ಷರಗಳನ್ನಾಗಿಸಬಹುದು. ಆದ್ದರಿಂದ ಮೂಲವನ್ನು ಎಂದೂ ಅಳಿಸಬಾರದು. ಮೂಲ ಕಡತ, ಅದರ ಅಕ್ಷರಶೈಲಿಯ ಕಡತ, ಸರಿಯಾಗಿ ಕಾಣುತ್ತಿರುವಾಗ ಮಾಡಿಕೊಂಡ ಪಿಡಿಎಫ್ ಮತ್ತು ಯೂನಿಕೋಡ್ ಪ್ರತಿ - ಈ ನಾಲ್ಕೂ ಒಂದೇ ಫೋಲ್ಡರಿನಲ್ಲಿರಲಿ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿಸಿದ ಪುಸ್ತಕಗಳ ಕಡತವಿದ್ದವರು ಇನ್ನೂ ಎಚ್ಚರ ವಹಿಸಬೇಕು. 2001ರ 7.0 ಆವೃತ್ತಿಯ ನಂತರ ಆ ತಂತ್ರಾಂಶದ ಹೊಸ ಪ್ರಧಾನ ಆವೃತ್ತಿ ಬರಲಿಲ್ಲ. ಅದನ್ನು ತೆರೆಯಬಲ್ಲ ಗಣಕಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಎಲ್ಲವನ್ನೂ ಪರಿವರ್ತಿಸಲು ಬಿಡುವಿಲ್ಲದವರು ಕನಿಷ್ಠ ಒಂದು ಕೆಲಸ ಮಾಡಬಹುದು. ಪ್ರತಿ ಹಳೆಯ ಕಡತಕ್ಕೂ ಯೂನಿಕೋಡ್ ಕನ್ನಡದಲ್ಲಿ ಅರ್ಥವಾಗುವ ಹೆಸರಿಡಬೇಕು. ಒಳಗಿನ ಬರಹ ಸಿಗದಿದ್ದರೂ ಕಡತವಂತೂ ಸಿಗುತ್ತದೆ.

ಪದದ ರೂಪ ಮತ್ತು ಸಂಧಿ

ಯೂನಿಕೋಡಿನಲ್ಲಿದ್ದರೂ ಕನ್ನಡದ ಸ್ವಭಾವವನ್ನು ಗಮನಿಸಿ ಹುಡುಕಬೇಕು. ಸೂಚಿ ಸಾಮಾನ್ಯವಾಗಿ ಪದದ ಆರಂಭವನ್ನು ಹೋಲಿಸುತ್ತದೆ. ‘ಊರು’ ಎಂದು ಬರೆದರೆ ‘ಊರಿನ’, ‘ಊರಿಗೆ’ ಎಂಬವು ಸಿಗುವುದಿಲ್ಲ. ಕೊನೆಯ ಸ್ವರಚಿಹ್ನೆ ಬಿಟ್ಟು ‘ಊರ’ ಎಂದು ಬರೆದರೆ ಮೂರೂ ಸಿಗುತ್ತವೆ. ‘ಹೊಲಗದ್ದೆ’ಯನ್ನು ‘ಗದ್ದೆ’ಯಿಂದ ಹುಡುಕಲಾಗದು, ಕಡತದ ಹೆಸರಾಗಿದ್ದರೆ ಪದದ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಪ್ರಯತ್ನಿಸಬಹುದು. ಆದೇಶ ಸಂಧಿಯಾದ ಪದಗಳಲ್ಲಿ ಅದೂ ನಡೆಯದು. ‘ಮಳೆಗಾಲ’ದಲ್ಲಿ ‘ಕಾಲ’ ಎಂಬ ಅಕ್ಷರಗಳೇ ಇಲ್ಲ, ‘ಗಾಲ’ ಎಂದೇ ಬರೆಯಬೇಕು. ‘ಬ್ಯಾಂಕ್‌ನ’ ಎಂಬಂತಹ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುತ್ತದೆ. ಅದಿಲ್ಲದೆ ಬರೆದ ಅದೇ ಪದವನ್ನು ಕೆಲವು ತಂತ್ರಾಂಶಗಳು ಬೇರೆ ಪದವೆಂದೇ ಎಣಿಸುತ್ತವೆ. ಇಲ್ಲಿಯೂ ಪದದ ಮೊದಲ ಭಾಗವನ್ನಷ್ಟೇ ಬರೆಯುವುದು ಸುಲಭದ ಉಪಾಯ.

ಸ್ಕ್ಯಾನ್ ಮಾಡಿದ ಕಾಗದಗಳು ಈ ಯಾವ ಹುಡುಕಾಟಕ್ಕೂ ನೇರವಾಗಿ ಸಿಗವು. ಅವು ಅಕ್ಷರಗಳ ಚಿತ್ರಗಳೇ ಹೊರತು ಅಕ್ಷರಗಳಲ್ಲ. ಗೂಗಲ್ ಡ್ರೈವ್ ಮತ್ತು ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್ ಮುದ್ರಿತ ಕನ್ನಡವನ್ನು ಗುರುತಿಸಿ ಅಕ್ಷರಗಳಾಗಿಸಬಲ್ಲವು. ಹಳೆಯ ಕೈಬರಹದ ಪತ್ರಗಳಿಗೆ ಕಡತದ ಹೆಸರೇ ಆಧಾರ.

ಕಡತ ಕಾಣೆಯಾದಾಗ

ಕಾಣೆಯಾದ ಕಡತ ಅಳಿದಿರುವುದಕ್ಕಿಂತ ಬೇರೆ ಜಾಗಕ್ಕೆ ಹೋಗಿರುವ ಸಂಭವವೇ ಹೆಚ್ಚು. ಗಾಬರಿಗೊಳ್ಳದೆ ಕ್ರಮವಾಗಿ ನೋಡಬೇಕಾದ ಜಾಗಗಳು ಇವು.

* ಕಡತವನ್ನು ಬರೆದ ತಂತ್ರಾಂಶದಲ್ಲೇ ಇತ್ತೀಚಿನ ಕಡತಗಳ ಪಟ್ಟಿ ಇರುತ್ತದೆ. ‘ಸೇವ್ ಆ್ಯಸ್’ ಒತ್ತಿದರೆ ಆ ತಂತ್ರಾಂಶ ಯಾವ ಫೋಲ್ಡರಿನಲ್ಲಿ ಉಳಿಸುತ್ತಿದೆ ಎಂಬುದೂ ತಿಳಿಯುತ್ತದೆ.
* ಅಂತರಜಾಲದಿಂದ ಇಳಿಸಿದ್ದಾದರೆ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಳಿಸಿದವುಗಳ ಪಟ್ಟಿ ಬರುತ್ತದೆ.
* ಡೌನ್‌ಲೋಡ್ಸ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ‘ಬದಲಾದ ದಿನ’ದ ಕ್ರಮದಲ್ಲಿ ಜೋಡಿಸಿದರೆ ಹೊಸದು ಮೇಲೆ ಬರುತ್ತದೆ.
* ಮಿಂಚಂಚೆಯ ಲಗತ್ತನ್ನು ಉಳಿಸದೆ ನೇರವಾಗಿ ತೆರೆದು ತಿದ್ದಿದ್ದರೆ ಅದು ತಾತ್ಕಾಲಿಕ ಫೋಲ್ಡರಿನಲ್ಲಿರಬಹುದು.
* ವಿಂಡೋಸ್ 10 ಮತ್ತು 11ರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಒನ್‌ಡ್ರೈವ್ ಒಳಕ್ಕೆ ಸ್ಥಳಾಂತರಗೊಂಡಿರಬಹುದು. ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ಜಾಗ ಸಾಲದೆಂದು ಜಾಲದ ಪ್ರತಿಯನ್ನು ಅಳಿಸಿದರೆ ಗಣಕದಲ್ಲಿನದೂ ಅಳಿಯುತ್ತದೆ. ಒನ್‌ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ.
* ಕೊನೆಗೆ ರಿಸೈಕಲ್ ಬಿನ್. ಪೆನ್‌ಡ್ರೈವಿನಿಂದ ಅಳಿಸಿದ್ದು ಅಥವಾ ಶಿಫ್ಟ್ ಒತ್ತಿ ಅಳಿಸಿದ್ದು ಇಲ್ಲಿಗೆ ಬರುವುದಿಲ್ಲ. ಅಂತಹ ಸಂದರ್ಭದಲ್ಲಿ ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯದೆ ಮರಳಿ ಪಡೆಯುವ ತಂತ್ರಾಂಶ ಬಳಸಬೇಕು.

ಮನೆಯವರಿಗೂ ತಿಳಿದಿರಲಿ

ಜೋಡಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಡಿಸ್ಕ್ ಕೆಟ್ಟರೆ ಎಲ್ಲವೂ ಹೋಗುತ್ತದೆ. ಒಟ್ಟು 3 ಪ್ರತಿ, 2 ಬಗೆಯ ಮಾಧ್ಯಮ, 1 ಪ್ರತಿ ಮನೆಯ ಹೊರಗೆ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದರು. ಮನೆಯ ಮಟ್ಟಿಗೆ ಗಣಕ, ಒಂದು ಬಾಹ್ಯ ಹಾರ್ಡ್‌ಡಿಸ್ಕ್, ಜಾಲದಲ್ಲೋ ಬಂಧುಗಳ ಮನೆಯಲ್ಲೋ ಇನ್ನೊಂದು ಪ್ರತಿ ಇದ್ದರೆ ಸಾಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅನೇಕರು ಹೊಸ ಗಣಕಕ್ಕೆ ಹೋಗುತ್ತಿದ್ದಾರೆ. ಹಳೆಯದನ್ನು ಇದ್ದಂತೆಯೇ ‘ಹಳೇ ಕಂಪ್ಯೂಟರ್’ ಎಂಬ ಒಂದೇ ಫೋಲ್ಡರಿಗೆ ಸುರಿಯುವ ಬದಲು ವಿಂಗಡಿಸಿಕೊಳ್ಳಲು ಇದು ಸೂಕ್ತ ಸಮಯ.

ಒಂದೇ ದಿನದಲ್ಲಿ ಎಲ್ಲವನ್ನೂ ಸರಿಪಡಿಸಲು ಹೊರಟವರು ಅರ್ಧಕ್ಕೆ ಕೈಬಿಡುವುದೇ ಹೆಚ್ಚು. ಇಂದಿನಿಂದ ಬರುವ ಕಡತಗಳಿಗೆ ಸರಿಯಾದ ಹೆಸರು ಮತ್ತು ನೆಲೆ ಕೊಡುತ್ತ, ಹಳೆಯವುಗಳಲ್ಲಿ ಆಸ್ತಿ, ಗುರುತುಪತ್ರ, ಹಿರಿಯರ ಬರವಣಿಗೆ ಇವುಗಳನ್ನು ಮೊದಲು ಕೈಗೆತ್ತಿಕೊಂಡರೆ ಉಳಿದದ್ದು ನಿಧಾನವಾಗಿ ಆಗುತ್ತದೆ.

ಬಹುತೇಕ ಮನೆಗಳಲ್ಲಿ ಗಣಕದ ಉಸ್ತುವಾರಿ ಒಬ್ಬರ ಕೈಯಲ್ಲೇ ಇರುತ್ತದೆ. ಅವರು ಊರಿನಲ್ಲಿಲ್ಲದಾಗ, ಆಸ್ಪತ್ರೆ ಸೇರಿದಾಗ ಅಥವಾ ತೀರಿಕೊಂಡಾಗ ವಿಮೆಯ ಪಾಲಿಸಿಯಾಗಲಿ ಕ್ರಯಪತ್ರವಾಗಲಿ ಎಲ್ಲಿದೆಯೆಂದು ಉಳಿದವರಿಗೆ ತಿಳಿಯದ ಸ್ಥಿತಿ ಬರುತ್ತದೆ. ಯಾವ ಫೋಲ್ಡರಿನಲ್ಲಿ ಏನಿದೆ, ಪ್ರತಿಗಳು ಎಲ್ಲಿವೆ, ಗಣಕವನ್ನು ತೆರೆಯುವುದು ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಇತರ ಮುಖ್ಯ ಕಾಗದಗಳೊಂದಿಗೆ ಬೀರುವಿನಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಿ, ಆ ಹಾಳೆಯ ಸಹಾಯದಿಂದ ಮನೆಯ ಇನ್ನೊಬ್ಬರು ಒಂದು ಕಡತವನ್ನು ಹುಡುಕಿ ತೆಗೆಯಬಲ್ಲರೇ ಎಂದು ಪರೀಕ್ಷಿಸಿ ನೋಡುವುದು ಒಳ್ಳೆಯದು.